ಬಲಗೈಯ ಉಗುರುಗಳು

ಬದುಕಿನ ಬಹುಪಾಲು ನನ್ನ ಬಲಗೈ ಪ್ಯಾಂಟಿನ ಜೇಬಿನೊಳಗೇ ಕಳೆದಿದೆ. ಕೈಗೆ ಗಾಯವಿರಲಿಲ್ಲ, ರೋಗವಿರಲಿಲ್ಲ. ಉಗುರು ಇತ್ತು, ಅಷ್ಟೇ. ಎಡಗೈಯ ಉಗುರುಗಳನ್ನು ಮಾಂಸ ಕಾಣುವವರೆಗೆ ತೆಗೆದು, ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳುಗಳ ಉಗುರನ್ನು ಮಾತ್ರ ಉದ್ದಕ್ಕೆ ಬಿಟ್ಟ ಗಂಡಸನ್ನು ಬಂಟ್ವಾಳ ಪೇಟೆ ಒಮ್ಮೆ ನೋಡಿ ಸುಮ್ಮನಾಗುವುದಿಲ್ಲ. ಎರಡನೇ ಸಲ ನೋಡುತ್ತದೆ, ಆಮೇಲೆ ಪಕ್ಕದವನಿಗೂ ತೋರಿಸುತ್ತದೆ.

ನಾನು ಕ್ಲಾಸಿಕಲ್ ಗಿಟಾರ್ ನುಡಿಸುವವನು. ಸಿನಿಮಾದಲ್ಲಿ ನಾಯಕ ಬೆಟ್ಟದ ಮೇಲೆ ನಿಂತು ಬಾರಿಸುತ್ತಾನಲ್ಲ, ಅದಲ್ಲ. ಕುಳಿತು, ಎಡಗಾಲನ್ನು ಗಿಡ್ಡ ಮಣೆಯ ಮೇಲಿಟ್ಟು, ನೈಲಾನ್ ತಂತಿಗಳನ್ನು ಬೆರಳಿನಲ್ಲೇ ಮೀಟಬೇಕು. ಬೆರಳ ಮಾಂಸ ಮಾತ್ರ ತಾಗಿದರೆ ಸ್ವರ ಮಂಕಾಗುತ್ತದೆ, ಸಭೆಯ ಎರಡನೇ ಸಾಲಿಗೂ ಮುಟ್ಟುವುದಿಲ್ಲ. ಉಗುರು ತಾಗಿದರೆ ಅದೇ ಸ್ವರ ಎದ್ದು ನಿಲ್ಲುತ್ತದೆ. ಹಾಗಾಗಿ ಉಗುರು ಬೆಳೆಸಬೇಕು, ಪಾಲಿಶ್ ಪೇಪರಿನಿಂದ ಉಜ್ಜಿ ನುಣುಪು ಮಾಡಬೇಕು, ಬಸ್ಸಿನ ಕಂಬಿ ಹಿಡಿಯುವಾಗಲೂ ಹೊಸ ಸೊಸೆಯ ಹಾಗೆ ಅದನ್ನು ಕಾಯಬೇಕು. ಇದನ್ನು ಕೇಳಿದವರಿಗೆಲ್ಲ ವಿವರಿಸಿ ನನ್ನ ಗಂಟಲು ಒಣಗಿದೆ. ವಿವರಿಸಿದ ಮೇಲೂ ಅವರು ನೋಡುವ ರೀತಿ ಬದಲಾಗಲಿಲ್ಲ.

ನನಗೆ ಇದನ್ನು ಹಚ್ಚಿದವರು ನಮ್ಮ ಮನೆಯಿಂದ ದೂರವಲ್ಲದ ಚರ್ಚಿನ ಹಿಂದಿದ್ದ ಒಬ್ಬ ಕ್ರಿಶ್ಚಿಯನ್ ಮುದುಕರು. ಹಡಗಿನ ಬ್ಯಾಂಡಿನಲ್ಲಿ ನುಡಿಸಿ, ವಯಸ್ಸಾದ ಮೇಲೆ ಊರಿಗೆ ಬಂದು ಕುಳಿತವರು. ನನ್ನ ತಂದೆಗೆ ಪೇಟೆಯಲ್ಲಿ ಗೋಣಿಚೀಲದ ಅಂಗಡಿ. ತೊಂಬತ್ತರ ದಶಕದ ಆರಂಭದಲ್ಲಿ, ತೆಂಗಿನಕಾಯಿ ತುಂಬಲು ಗೋಣಿ ಬೇಕೆಂದು ಹೇಳಿ ಕಳಿಸಿದ ಅವರ ಮನೆಗೆ ಚೀಲದ ಕಟ್ಟು ಹೊತ್ತುಕೊಂಡು ಹೋದವನು, ಜಗಲಿಯಲ್ಲಿ ಅವರು ನುಡಿಸುತ್ತಿದ್ದುದನ್ನು ಕೇಳಿ ಅಲ್ಲೇ ಕೂತುಬಿಟ್ಟೆ. ಪಿಯುಸಿಯಲ್ಲಿ ಒಮ್ಮೆ ಫೇಲಾಗಿ ಏನು ಮಾಡುವುದೆಂದು ತಿಳಿಯದೆ ಇದ್ದ ಕಾಲ ಅದು. ಕೆಲವು ತಿಂಗಳ ನಂತರ ಅವರು ನನ್ನ ಎರಡೂ ಕೈಗಳನ್ನು ಹಿಡಿದು ನೋಡಿ ನಕ್ಕರು. “ಪುತಾ, ನಿನ್ನ ಎಡಗೈ ಜುಮಾ ನಮಾಜಿಗೆ ತಯಾರು, ಬಲಗೈ ಸಂಗೀತ ಕಚೇರಿಗೆ ತಯಾರು. ಮಧ್ಯದಲ್ಲಿ ನೀನು ಯಾವ ಕಡೆ ಅಂತ ನೀನೇ ನೋಡ್ಕೊ,” ಎಂದರು.

ಅವರು ತಮಾಷೆಗೆ ಹೇಳಿದರೂ ಮಾತು ನಾಟಿತು. ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ಶುಕ್ರವಾರ ಬೆಳಿಗ್ಗೆ ಉಗುರು ತೆಗೆದು, ಮಿಂದು, ಬಿಳಿ ಬಟ್ಟೆ ಹಾಕಿ ಪಳ್ಳಿಗೆ, ಅಂದರೆ ಮಸೀದಿಗೆ, ಹೋಗುವುದು ನಮ್ಮ ಮನೆಗಳಲ್ಲಿ ನಡೆದಾಡುವ ಮಗುವಿಗೂ ಗೊತ್ತಿರುವ ಕ್ರಮ. ತಾಯಿ, ನಮ್ಮ ಉಮ್ಮ, ಹಿತ್ತಲ ಮೆಟ್ಟಿಲಲ್ಲಿ ಕುಳಿತು ನೇಲ್‌ಕಟ್ಟರ್ ಹಿಡಿದರೆ ನಾವು ಮಕ್ಕಳು ಸಾಲಾಗಿ ಕೈ ನೀಡುತ್ತಿದ್ದೆವು. ನಾನು ಬಲಗೈ ನೀಡುವುದನ್ನು ಬಿಟ್ಟ ಮೇಲೆ ಉಮ್ಮ ಬೈಯಲಿಲ್ಲ. ಬೈದಿದ್ದರೆ ನಾಲ್ಕು ಮಾತು ಎದುರು ಆಡಿ ಹಗುರಾಗುತ್ತಿದ್ದೆ. ಅವಳು ಶುಕ್ರವಾರ ಬೆಳಿಗ್ಗೆ ನನ್ನ ಚಹಾದ ಲೋಟದ ಪಕ್ಕ ನೇಲ್‌ಕಟ್ಟರನ್ನು ಇಟ್ಟು ಒಳಗೆ ಹೋಗುತ್ತಿದ್ದಳು. ಮದುವೆಯಾಗಿ ಮಕ್ಕಳಾದ ಮೇಲೂ ಅದು ನಿಲ್ಲಲಿಲ್ಲ.

ಪಳ್ಳಿಯಲ್ಲಿ ನಮಾಜು ಮುಗಿದ ಮೇಲೆ ಅಕ್ಕಪಕ್ಕದವರು ಸಲಾಂ ಹೇಳಿ ಎರಡೂ ಕೈಯಿಂದ ಕೈ ಹಿಡಿಯುತ್ತಾರಲ್ಲ, ಆಗ ನನಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಕೈ ಹಿಡಿದವನಿಗೆ ಉಗುರು ತಾಗುತ್ತದೆ. ತಾಗಿದ ಕೂಡಲೇ ಅವನ ಕಣ್ಣು ಕೆಳಗೆ ಹೋಗುತ್ತದೆ, ಆಮೇಲೆ ನನ್ನ ಮುಖಕ್ಕೆ ಬರುತ್ತದೆ. ಯಾರೂ ಏನೂ ಅನ್ನಲಿಲ್ಲ, ಅದನ್ನೂ ಹೇಳಬೇಕು. ಪಳ್ಳಿಯ ಗುರುಗಳಾದ ನಮ್ಮ ಉಸ್ತಾದರು ಒಳ್ಳೆಯವರು, ನನ್ನನ್ನು ಕರೆದು ಉಪದೇಶ ಮಾಡಿದವರಲ್ಲ. ಆದರೂ ನಾನು ಕೊನೆಯ ಸಾಲಿನಲ್ಲಿ ನಿಂತು, ಸಲಾಂ ಆಗುತ್ತಲೇ ಚಪ್ಪಲಿ ಹುಡುಕುವವನಾದೆ.

ಊಟದ್ದು ಇನ್ನೊಂದು ಕತೆ. ಅರಸಿನ ಹಾಕಿದ ಸಾರಿಗೆ ಕೈ ಹಾಕಿದರೆ ನಾಲ್ಕು ಉಗುರೂ ಹಳದಿ. ಬೆಳುವಾಯಿಯಲ್ಲಿ ಒಬ್ಬ ಶಿಷ್ಯನ ಅಕ್ಕನ ಮದುವೆಗೆ ಹೋದಾಗ, ಮಾರನೆಯ ದಿನ ವೇದಿಕೆ ಹತ್ತುವುದಿತ್ತೆಂದು, ಬಾಳೆಲೆಯ ಎದುರು ಕುಳಿತು ಚಮಚ ಕೇಳಿದೆ. ಇಡೀ ಪಂಕ್ತಿ ತಿರುಗಿ ನೋಡಿತು. ಚಮಚ ತರಲು ಹೋದವನು ಅಡುಗೆಯವರ ಹತ್ತಿರ “ಮಾಸ್ಟ್ರಿಗೆ ದುಬೈ ಗಾಳಿ ತಾಗಿದೆ” ಎಂದದ್ದು ನನಗೂ ಕೇಳಿಸಿತು. ಬಾಳೆಲೆಯಿಂದ ಚಮಚದಲ್ಲಿ ಸಾರನ್ನ ಎತ್ತಲು ನೋಡಿದವರಿಗೆ ಗೊತ್ತು, ಅದು ಮಾನವಿದ್ದವರು ಮಾಡುವ ಕೆಲಸವಲ್ಲ. ಇನ್ನು ಕನ್ಯಾನದಲ್ಲಿ ಹೆಣ್ಣು ನೋಡಲು ಹೋದಾಗ, ಶರಬತ್ತಿನ ಲೋಟ ತೆಗೆದುಕೊಂಡ ನನ್ನ ಕೈಯನ್ನು ಬಾಗಿಲ ಸಂದಿಯಿಂದ ನೋಡಿದ ಹುಡುಗಿಯ ಅಜ್ಜಿ, “ಒಂದು ಕೈಯ ಉಗುರು ತೆಗೆದವನಿಗೆ ಇನ್ನೊಂದು ಕೈ ಮರೆತು ಹೋಯ್ತಾ? ತಲೆಯಲ್ಲಿ ಎಂತದಾದರೂ ಉಂಟಾ ಅಂತ ವಿಚಾರಿಸಿ,” ಎಂದಿದ್ದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ನಂತರ ನನ್ನನ್ನು ಒಪ್ಪಿದವಳು ಆ ಉಗುರುಗಳನ್ನು ನೋಡಿ ಕೇಳಿದ್ದು ಒಂದೇ ಮಾತು, ರಾತ್ರಿ ಮಗ್ಗುಲು ಬದಲಿಸುವಾಗ ಗೀರುವುದಿಲ್ಲವಲ್ಲ ಎಂದು.

ಕೆಲಸದ ವಿಷಯಕ್ಕೆ ಬಂದರೆ, ಆಮಂತ್ರಣ ಪತ್ರಿಕೆಗಳಲ್ಲಿ ನನ್ನ ಹೆಸರಿನ ಹಿಂದೆ ‘ಬಹುಮುಖ ಪ್ರತಿಭೆಯ’ ಎಂದು ಅಚ್ಚು ಹಾಕುತ್ತಿದ್ದರು. ನಮ್ಮ ಕಡೆ ಹಾಗೆಂದರೆ ಒಂದೇ ಕೆಲಸದಲ್ಲಿ ಹೊಟ್ಟೆ ತುಂಬದವನು ಎಂದರ್ಥ. ವಾರದ ದಿನಗಳಲ್ಲಿ ಮೂಡುಬಿದಿರೆಯಲ್ಲಿ ಬಟ್ಟೆ ಅಂಗಡಿಯ ಮಹಡಿಯ ಕೋಣೆಯಲ್ಲಿ ಕ್ಲಾಸು. ಭಾನುವಾರ ಬೆಳ್ತಂಗಡಿಯಲ್ಲಿ, ಒಂದು ಶಾಲೆಯ ಬೆಂಚುಗಳನ್ನು ಬದಿಗೆ ಸರಿಸಿ ಕ್ಲಾಸು. ಡಿಸೆಂಬರಿನಲ್ಲಿ ಕ್ರಿಸ್ಮಸ್ ಹಾಡಿನ ತಂಡಗಳ ಜತೆ, ಮದುವೆಯ ಸೀಸನ್ನಿನಲ್ಲಿ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ. ಶಾಲಾ ವಾರ್ಷಿಕೋತ್ಸವಗಳ ನೃತ್ಯಕ್ಕೆ ಸಂಗೀತ ಕಟ್ಟಿದ್ದೇನೆ. ತುಳು ನಾಟಕಗಳಿಗೆ ಹಿನ್ನೆಲೆ ಕೊಟ್ಟಿದ್ದೇನೆ. ಖಳನಾಯಕ ಬರುವಾಗ ಗಿಟಾರಿನಲ್ಲಿ ನಾಯಿ ಊಳಿಡುವ ಶಬ್ದ ಬೇಕೆಂದು ಒಬ್ಬ ನಿರ್ದೇಶಕರು ಹಟ ಹಿಡಿದಾಗ ಅದನ್ನೂ ಮಾಡಿದೆ. ಚಪ್ಪಾಳೆ ಬಿದ್ದದ್ದು ನಾಯಿಗೆ.

ಇಷ್ಟೆಲ್ಲ ಮಾಡುತ್ತ ನನ್ನದೇ ಆದ ಒಂದು ರಚನೆಯನ್ನೂ ಕಟ್ಟುತ್ತಿದ್ದೆ. ಒಬ್ಬನೇ ಕುಳಿತು ನುಡಿಸುವಂಥದ್ದು, ನಾಲ್ಕು ಭಾಗದ್ದು. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತು, ತೊಡೆಯ ಮೇಲೆ ಬೆರಳಾಡಿಸುತ್ತ ಅದರ ಬಹುಭಾಗ ಕಟ್ಟಿದೆ. ಕಂಡಕ್ಟರ್ ಒಮ್ಮೆ, “ಎಂತ ಮಾರಾಯ್ರೆ, ಜಪವಾ?” ಎಂದು ಕೇಳಿದ್ದ. ಮೂರನೇ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ನಮ್ಮ ಮದುವೆ ಮನೆಗಳಲ್ಲಿ ಹೆಂಗಸರು ಮದುಮಗಳ ಸುತ್ತ ಕುಳಿತು ಕೈತಟ್ಟಿ ಹಾಡುವ ಒಂದು ಹಾಡುಂಟು, ಉಮ್ಮ ಅದನ್ನು ಬಹಳ ಚೆಂದ ಹಾಡುತ್ತಿದ್ದಳು. ಆ ಧಾಟಿಯನ್ನು ತೆಗೆದುಕೊಂಡು, ಮೂರು ಬೆರಳು ಒಂದೇ ತಂತಿಯನ್ನು ಒಂದರ ಹಿಂದೆ ಒಂದು ಬಿಡದೆ ಮೀಟುವಂತೆ ಕೂಡಿಸಿದ್ದೆ. ಸರಿಯಾಗಿ ಬಂದರೆ ಮೀಟಿದ್ದು ಗೊತ್ತಾಗುವುದಿಲ್ಲ, ಯಾರೋ ಉಸಿರು ಕಟ್ಟಿ ಹಾಡಿದಂತೆ ಕೇಳುತ್ತದೆ. ಅದಕ್ಕೆ ಉಗುರು ಬೇಕೇ ಬೇಕು.

ಮನೆಯಲ್ಲಿ ಯಾರೂ ನಾನು ನುಡಿಸಿದ್ದನ್ನು ಕುಳಿತು ಕೇಳಿರಲಿಲ್ಲ. ತಂದೆ, ಅವರನ್ನು ನಾವು ಉಪ್ಪ ಎನ್ನುತ್ತಿದ್ದೆವು, ನನ್ನ ಮೇಲೆ ಕೈ ಎತ್ತಿದವರಲ್ಲ, ಗಿಟಾರನ್ನು ಹೊರಗೆ ಎಸೆದವರಲ್ಲ. ಅಂಗಡಿಗೆ ಬಂದವರು “ನಿಮ್ಮ ಸಣ್ಣ ಮಗ ಎಂತ ಮಾಡ್ತಾನೆ?” ಎಂದು ಕೇಳಿದರೆ, ಗೋಣಿ ಮಡಿಸುತ್ತಲೇ, “ಅವ ಮೂಡುಬಿದ್ರೆಯಲ್ಲಿ ಉಂಟು,” ಎನ್ನುತ್ತಿದ್ದರು. ಎಂತ ಮಾಡ್ತಾನೆ ಎಂಬ ಪ್ರಶ್ನೆಗೆ ಊರಿನ ಹೆಸರು ಉತ್ತರವಾಗುವುದನ್ನು ನಾನು ಅಂಗಡಿಯ ಒಳಕೋಣೆಯಲ್ಲಿ ನಿಂತು ಎಷ್ಟೋ ಸಲ ಕೇಳಿದ್ದೇನೆ. ಸಿಟ್ಟು ಬರುತ್ತಿತ್ತು. ಆದರೆ ಸಿಟ್ಟಿಗಿಂತ ಮೊದಲು ನನ್ನ ಮುಖ ಬಿಸಿಯಾಗುತ್ತಿತ್ತು, ಉಪ್ಪ ಹೇಳಿದ್ದೇ ಸರಿ ಎಂಬಂತೆ.

ಅಣ್ಣ ಗಲ್ಫಿನಲ್ಲಿದ್ದ. ನನ್ನ ಮೊದಲ ಒಳ್ಳೆಯ ಗಿಟಾರ್ ತಂದುಕೊಟ್ಟವನು ಅವನೇ. ಪ್ರತಿ ರಜೆಯಲ್ಲೂ ನೈಲಾನ್ ತಂತಿಯ ಪ್ಯಾಕೆಟ್ಟುಗಳನ್ನು ಬಟ್ಟೆಯ ನಡುವೆ ಸಿಕ್ಕಿಸಿ ತರುತ್ತಿದ್ದ. ಪೆಟ್ಟಿಗೆ ಬಿಚ್ಚುವಾಗ ಸಂಬಂಧಿಕರೆಲ್ಲ ಸುತ್ತ ಕುಳಿತಿರುತ್ತಾರಲ್ಲ, ಅವರು ಎದ್ದು ಹೋದ ಮೇಲೆ ನನಗೆ ಕೊಡುತ್ತಿದ್ದ. “ಅಲ್ಲಿ ನನ್ನ ಕೋಣೆಯವರು ಕೇಳ್ತಾರೆ, ತಮ್ಮ ಎಂತ ಮಾಡ್ತಾನೆ ಅಂತ. ಟೀಚರ್ ಅಂತೇನೆ. ಯಾವ ಸಬ್ಜೆಕ್ಟ್ ಅಂದ್ರೆ ಮಾತು ಬದಲಿಸ್ತೇನೆ,” ಎಂದು ಒಮ್ಮೆ ನಗುತ್ತ ಹೇಳಿದ. ಅವನ ಪ್ರೀತಿಯಲ್ಲಿ ನನಗೆ ಸಂಶಯವಿರಲಿಲ್ಲ. ಪ್ರೀತಿ ಇದ್ದೂ ಅವನು ನನ್ನನ್ನು ಮುಚ್ಚಿಡುತ್ತಿದ್ದನಲ್ಲ, ಅದು ನೋಯುತ್ತಿತ್ತು.

ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ, ಮೂಡುಬಿದಿರೆಯಲ್ಲಿ ನನ್ನ ಕ್ಲಾಸಿನ ಕೋಣೆಯ ಮಾಲೀಕರು ಒಂದು ಮಾತು ಎತ್ತಿದರು. ಅವರು ಹಳೆಯ ಜೈನ ಮನೆತನದವರು, ಕೆಳಗಿನ ಬಟ್ಟೆ ಅಂಗಡಿಯೂ ಅವರದ್ದೇ. ಎಲ್ಲರೂ ಅವರನ್ನು ಧಣಿಗಳು ಎನ್ನುತ್ತಿದ್ದರು. ಅವರ ಮಗಳು ನನ್ನಲ್ಲಿ ಕಲಿತವಳು.

“ಮಾಸ್ಟ್ರೇ, ಎಷ್ಟು ಸಮಯ ಅಂತ ಬೇರೆಯವರ ಹಿಂದೆ ಕೂತು ನುಡಿಸ್ತೀರಿ? ನಿಮ್ಮದೇ ಒಂದು ಕಾರ್ಯಕ್ರಮ ಮಾಡುವ. ನೀವು ಒಬ್ಬರೇ, ನಿಮ್ಮದೇ ಸಂಗೀತ. ಹಾಲ್ ನಾನು ನೋಡಿಕೊಳ್ತೇನೆ,” ಎಂದರು.

ಅಂಥ ಮಾತನ್ನು ನನಗೆ ಯಾರೂ ಅದುವರೆಗೆ ಹೇಳಿರಲಿಲ್ಲ. ಉಪ್ಪನಿಗೆ ಹುಷಾರಿಲ್ಲವೆಂದು ಅಣ್ಣ ಆಗಲೇ ರಜೆ ಹಾಕಿ ಬರುವವನಿದ್ದ. ಕಾರ್ಯಕ್ರಮದ ದಿನ ಅವನು ಊರಿನಲ್ಲಿರುವಂತೆ ಗೊತ್ತುಮಾಡಿದೆ. ಬಂದ ಮೇಲೆ ಕರೆದೆ. “ನೋಡುವ” ಎಂದ. ನನಗೆ ಅಷ್ಟು ಸಾಕಿತ್ತು. ಅವನೊಬ್ಬ ಬಂದು ಕುಳಿತು ಕೇಳಬೇಕು, ಉಮ್ಮನ ಹಾಡನ್ನು ಅದರೊಳಗೆ ಗುರುತಿಸಬೇಕು, ಮನೆಗೆ ಹೋಗಿ ಹೇಳಬೇಕು, ಆಮೇಲೆ ಕೇಳಿದವರಿಗೆ ನನ್ನ ಕೆಲಸದ ಹೆಸರನ್ನು ಬಾಯಿಬಿಟ್ಟು ಹೇಳುವಂತಾಗಬೇಕು. ಆ ವಯಸ್ಸಿನಲ್ಲೂ ನನಗೆ ಬೇಕಿದ್ದುದು ಅಷ್ಟೇ.

ಕಾರ್ಯಕ್ರಮಕ್ಕೆ ಎರಡು ವಾರವಿರುವಾಗ ಉಪ್ಪ ತೀರಿಕೊಂಡರು. ಬೆಳಗಿನ ನಮಾಜು ಮುಗಿಸಿ ಮಲಗಿದವರು ಏಳಲಿಲ್ಲ.

ನಮ್ಮಲ್ಲಿ ಗಂಡಸು ತೀರಿಕೊಂಡರೆ ದೇಹವನ್ನು ಮೀಯಿಸುವುದು ಗಂಡುಮಕ್ಕಳ ಪಾಲಿನ ಕೆಲಸ. ಪಳ್ಳಿಯ ಒಬ್ಬ ಹಿರಿಯರು ಬಂದು ಕ್ರಮ ಹೇಳಿಕೊಡುತ್ತಾರೆ. ಹಿತ್ತಲಲ್ಲಿ ನಾಲ್ಕು ಕಡೆ ಬಟ್ಟೆ ಕಟ್ಟಿ ಮರೆ ಮಾಡಿದ್ದರು. ಬೋರೆ ಎಲೆ ಹಾಕಿದ ನೀರು, ಕರ್ಪೂರ, ಎಲ್ಲ ತಯಾರಾಗಿತ್ತು. ನಾನು ಅಂಗಿಯ ತೋಳು ಮಡಚಿ ಮುಂದೆ ಬಂದೆ. ಹಿರಿಯರು ನನ್ನ ಕೈ ನೋಡಿದರು. ಬಹಳ ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ ಹೇಳಿದರು.

“ಮೋನೆ, ಆ ಉಗುರು ತಾಗಿದರೆ ಚರ್ಮ ಗೀರೀತು. ನೀನು ನೀರು ಹೊಯ್ಯಿ, ಸಾಕು. ಅಣ್ಣ ಮೀಯಿಸ್ತಾನೆ.”

ನೀರು ಹೊಯ್ದಿದ್ದರೆ ಮುಗಿಯುತ್ತಿತ್ತು. ಅದು ಕಡಿಮೆ ಕೆಲಸವೇನಲ್ಲ. ಆದರೆ ಉಮ್ಮನ ಅಣ್ಣ ಅಲ್ಲೇ ನಿಂತಿದ್ದರು. ಅವರು ನನ್ನ ಕೈ ನೋಡಿದರು, ಆಮೇಲೆ ಉಪ್ಪನ ಮುಖ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಕ್ಷಣ ಒಳಗೆ ಹೋಗಿ ನೇಲ್‌ಕಟ್ಟರ್ ಹುಡುಕಿ ತಂದು, ಬಾವಿಕಟ್ಟೆಯ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು ನಾಲ್ಕೂ ಉಗುರುಗಳನ್ನು ಟಕಟಕನೆ ಕತ್ತರಿಸಿದೆ. ಚೂರುಗಳನ್ನು ಮಣ್ಣಿನಲ್ಲಿ ಮುಚ್ಚಿದೆ. ಅಣ್ಣ ಬಟ್ಟೆಯ ಮರೆಯಿಂದ ಅದನ್ನು ನೋಡುತ್ತಿದ್ದ.

ಉಪ್ಪನ ಮೇಲಿನ ಪ್ರೀತಿಗೆ ಕತ್ತರಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಪ್ರೀತಿ ಇರಲಿಲ್ಲವೆಂದಲ್ಲ, ಅದು ಆಮೇಲೆ ಬಂತು. ಮೀಯಿಸುವಾಗ ಬರಿಯ ಬೆರಳ ತುದಿಗೆ ಅವರ ಅಂಗೈ ಸಿಕ್ಕಿತು. ಎಷ್ಟೋ ವರ್ಷ ಗೋಣಿ ಎಳೆದ ಅಂಗೈ, ಗೋಣಿಯಷ್ಟೇ ಒರಟು. ಬುದ್ಧಿ ಬಂದ ಮೇಲೆ ನಾನು ಆ ಕೈಯನ್ನು ಹಿಡಿದಿರಲಿಲ್ಲ. ಆಗ ಅತ್ತೆ. ಆದರೆ ಕತ್ತರಿಸಿದ್ದು ಅದಕ್ಕೆ ಮೊದಲು, ಕತ್ತರಿಸಿದ್ದು ಮಾವನ ಕಣ್ಣಿಗೆ ಹೆದರಿ.

ಕಾರ್ಯಕ್ರಮವನ್ನು ಮುಂದೆ ಹಾಕುವುದು ಮರ್ಯಾದೆ. ಧಣಿಗಳು ಮನೆಗೆ ಬಂದು, ನಮ್ಮ ಜಗಲಿಯಲ್ಲಿ ಕುಳಿತು, ಹಾಗೆಂದೇ ಹೇಳಿದರು. ಆದರೆ ಮುಂದೆ ಹಾಕಿದರೆ ಅಣ್ಣನ ರಜೆ ಮುಗಿದು ಅವನು ವಿಮಾನ ಹತ್ತಿರುತ್ತಿದ್ದ. ನಾನು ತಲೆ ತಗ್ಗಿಸಿ ಕುಳಿತೆ. ನನ್ನ ಮನಸ್ಸು ಅಣ್ಣನಿಗೆ ಗೊತ್ತಾಯಿತೋ ಏನೋ, ಒಳಗೆ ಹೋಗಿ ಉಮ್ಮನನ್ನು ಕೇಳಿಕೊಂಡು ಬಂದ. “ಅವನ ಕೆಲಸ ಅಲ್ವಾ, ಹೋಗ್ಲಿ” ಎಂದಳಂತೆ. ಉಮ್ಮನ ಬಾಯಿಯಲ್ಲಿ ಅದು ಕೆಲಸವಾದದ್ದು ಅದೇ ಮೊದಲು. ಧಣಿಗಳನ್ನು ಕಾರಿನವರೆಗೆ ಬಿಡಲು ಹೋದ ಅಣ್ಣ, ಗೇಟಿನ ಹತ್ತಿರ ನಿಂತು ಅವರೊಡನೆ ತುಂಬ ಹೊತ್ತು ಮಾತಾಡಿದ. ಏನೆಂದು ನಾನು ಕೇಳಲಿಲ್ಲ.

ಉಗುರಿಲ್ಲದ ಕೈಗೆ ಗಿಟಾರಿನವರಲ್ಲಿ ಒಂದು ಉಪಾಯವುಂಟು, ಚರ್ಚಿನ ಹಿಂದಿನ ಮುದುಕರು ಹೇಳಿಕೊಟ್ಟದ್ದು. ಟೇಬಲ್ ಟೆನ್ನಿಸ್ ಚೆಂಡನ್ನು ಕತ್ತರಿಸಿ, ಉಗುರಿನ ಆಕಾರದ ತುಂಡು ಮಾಡಿ, ಕ್ಷಣದಲ್ಲಿ ಹಿಡಿಯುವ ಗೋಂದಿನಿಂದ ಇದ್ದಷ್ಟು ಉಗುರಿನ ಮೇಲೆ ಅಂಟಿಸುವುದು. ಚೆಂಡಿನ ಬಾಗು ಉಗುರಿನ ಬಾಗಿಗೆ ಸರಿ ಕೂರುತ್ತದೆ. ಬಿ.ಸಿ. ರೋಡಿನಿಂದ ಚೆಂಡು ತಂದೆ. ನನ್ನ ಹೆಂಡತಿ ಕತ್ತರಿಯಿಂದ ಒಂದೊಂದಾಗಿ ತುಂಡು ಮಾಡಿಕೊಟ್ಟಳು. ಅಂಟಿಸಿಕೊಂಡರೆ ನಮಾಜಿಗೆ ಕೈಕಾಲು ತೊಳೆಯುವಾಗ ಉಗುರಿಗೆ ನೀರು ತಾಗುವುದಿಲ್ಲ, ತಾಗದಿದ್ದರೆ ಶುದ್ಧಿಯಾಗುವುದಿಲ್ಲ. ಹಾಗಾಗಿ ಕಾರ್ಯಕ್ರಮದ ದಿನ ಸಂಜೆಯ ಮುಂಚಿನ ನಮಾಜು ಮುಗಿಸಿ, ಹಾಲಿನ ಹಿಂದಿನ ಕೋಣೆಯಲ್ಲಿ ಕುಳಿತು ಅಂಟಿಸಿಕೊಂಡೆ. ಪಾಲಿಶ್ ಪೇಪರಿನಲ್ಲಿ ತುದಿ ಉಜ್ಜಿ, ಮೂರನೇ ಭಾಗವನ್ನು ಮೆಲ್ಲಗೆ ನುಡಿಸಿ ನೋಡಿದೆ. ಚೆನ್ನಾಗಿ ಬಂತು. ನನ್ನ ಸ್ವಂತ ಉಗುರಿಗಿಂತ ಚೆನ್ನಾಗಿ ಬಂತೆಂದರೂ ತಪ್ಪಿಲ್ಲ.

ಪರದೆಯ ಸಂದಿಯಿಂದ ನೋಡಿದೆ. ಶಿಷ್ಯರು, ಅವರ ತಂದೆತಾಯಿ, ಬೆಳ್ತಂಗಡಿಯಿಂದ ಬಂದ ಕೆಲವರು. ಮೊದಲ ಸಾಲಿನಲ್ಲಿ ಅಣ್ಣ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಮಡಿಲಲ್ಲಿ ಕೈ ಇಟ್ಟುಕೊಂಡು ಪರೀಕ್ಷೆಗೆ ಬಂದವನಂತೆ ಕುಳಿತಿದ್ದ. ನಾನು ಹೋಗಿ ಕುಳಿತು, ಎಡಗಾಲನ್ನು ಮಣೆಯ ಮೇಲಿಟ್ಟೆ. ಧಣಿಗಳು ಮೈಕಿನ ಮುಂದೆ ಬಂದರು.

“ಸಭಿಕ ಬಂಧುಗಳೇ,” ಎಂದು ಶುರು ಮಾಡಿದರು. “ಮಾಸ್ಟ್ರು ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ನಿಮಗೆ ಗೊತ್ತಿಲ್ಲದ ಒಂದು ವಿಷಯ ಉಂಟು. ಈ ವಾದ್ಯಕ್ಕೆ ಉಗುರೇ ಪ್ರಾಣ. ಎಷ್ಟೋ ವರ್ಷದಿಂದ ಇವರು ಅದನ್ನು ಕಾಪಾಡಿಕೊಂಡು ಬಂದವರು. ಮೊನ್ನೆ ಇವರ ತಂದೆಯವರು ದೈವಾಧೀನರಾದರು. ತಂದೆಯ ದೇಹಕ್ಕೆ ನೋವಾಗಬಾರದು ಎಂದು, ಈ ಕಾರ್ಯಕ್ರಮ ಹತ್ತಿರ ಇರುವಾಗಲೇ, ಒಂದು ಕ್ಷಣ ಯೋಚಿಸದೆ ಆ ಉಗುರುಗಳನ್ನು ಕತ್ತರಿಸಿ ತಂದೆಯ ಸೇವೆ ಮಾಡಿದರು. ಇವರ ಅಣ್ಣನವರು ಇದನ್ನು ನನಗೆ ಹೇಳುವಾಗ ಅವರ ಕಣ್ಣಿನಲ್ಲಿ ನೀರಿತ್ತು, ನನ್ನ ಕಣ್ಣಿನಲ್ಲಿಯೂ ಇತ್ತು. ಇಂದು ಮಾಸ್ಟ್ರು ಉಗುರಿಲ್ಲದ ಬರಿಗೈಯಲ್ಲಿ ನುಡಿಸಲಿದ್ದಾರೆ.”

ಬಲಗೈಯನ್ನು ಗಿಟಾರಿನ ಹಿಂದೆ ಎಳೆದುಕೊಂಡೆ. ಧಣಿಗಳು ನನ್ನ ಕಡೆ ತಿರುಗಿದರು.

“ಮಾಸ್ಟ್ರೇ, ಆ ಕೈಯನ್ನು ಒಮ್ಮೆ ಎತ್ತಿ ತೋರಿಸಿ.”

ನಾನು ಎಡಗೈ ಎತ್ತಿದೆ.

ಎತ್ತಿದ್ದಲ್ಲ, ಅದು ತಾನೇ ಎದ್ದಿತು. ಸಭೆ ನೋಡಿತು. ಬೋಳು ಬೆರಳುಗಳು, ಮಾಂಸದವರೆಗೆ ತೆಗೆದ ಉಗುರುಗಳು. ನನ್ನ ಬದುಕಿನಲ್ಲಿ ಯಾವತ್ತೂ ಉದ್ದವಾಗಿರದ ಉಗುರುಗಳು. ಸಭೆ ಎದ್ದು ನಿಂತಿತು. ನನ್ನ ಶಿಷ್ಯರಿಗಾದರೂ ಯಾವ ಕೈ ಯಾವುದೆಂದು ತಿಳಿಯಬೇಡವೇ? ಅವರೂ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅಣ್ಣ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಒಂದು ಸ್ವರವನ್ನೂ ನುಡಿಸದ ನನಗೆ, ಅಷ್ಟು ದೊಡ್ಡ ಚಪ್ಪಾಳೆ ಆ ಮೊದಲು ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲ.

ಧಣಿಗಳು ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ಕಾಲಬುಡದಲ್ಲಿಟ್ಟರು. ಶಾಲು ದೊಡ್ಡದಿತ್ತು, ತೊಡೆಯವರೆಗೆ ಇಳಿದಿತ್ತು. ಅದರ ಅಡಿಯಲ್ಲಿ ನನ್ನ ನಾಲ್ಕು ಚೆಂಡಿನ ಉಗುರುಗಳು. ಮೂರನೇ ಸಾಲಿನ ಆಚೆಗೆ ಅವು ಯಾರಿಗೂ ಕಾಣುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ಅಣ್ಣ ಮೊದಲ ಸಾಲಿನಲ್ಲಿದ್ದ. ಎದ್ದು ಮೈಕಿನ ಹತ್ತಿರ ಹೋಗಿ, ಇಲ್ಲ, ನನಗೆ ಉಗುರುಂಟು, ಪ್ಲಾಸ್ಟಿಕ್ಕಿನದ್ದು, ಉಪ್ಪನ ಮಾತು ಬಿಡಿ, ನಾನು ಕಟ್ಟಿದ್ದನ್ನು ಸ್ವಲ್ಪ ಕೇಳಿ ಎನ್ನಬಹುದಿತ್ತು. ಶಾಲಿನ ಅಡಿಯಲ್ಲಿ ಎಡಗೈಯಿಂದ ಹೆಬ್ಬೆರಳಿನ ತುಂಡನ್ನು ಹಿಡಿದು ಕಿತ್ತೆ. ಗೋಂದು ಬಿಡಲಿಲ್ಲ, ಉಗುರಿನ ಮೇಲಿನ ಪದರವೇ ಎದ್ದು ಬಂತು. ಧಣಿಗಳು ಕೃತಜ್ಞತೆ ಹೇಳಿ ಮುಗಿಸುವಷ್ಟರಲ್ಲಿ ನಾಲ್ಕನ್ನೂ ಕಿತ್ತು ಜುಬ್ಬಾದ ಜೇಬಿಗೆ ಹಾಕಿದ್ದೆ.

ನುಡಿಸಿದೆ. ಅದನ್ನು ನುಡಿಸಿದ್ದು ಎನ್ನಬಹುದೋ ಇಲ್ಲವೋ. ಸ್ವರಗಳು ಒದ್ದೆ ಬಟ್ಟೆಯ ಹಾಗೆ ಬಿದ್ದವು. ಎರಡನೇ ಭಾಗಕ್ಕೆ ಬರುವಾಗ ತೋರುಬೆರಳಿನ ಅಂಚಿನಲ್ಲಿ ರಕ್ತ ಕಂಡಿತು, ಮೂರನೇ ಭಾಗದಲ್ಲಿ ಬೆರಳು ತಂತಿಯನ್ನು ಹಿಡಿಯಲಿಲ್ಲ. ಉಮ್ಮನ ಹಾಡು ಬರಬೇಕಾದಲ್ಲಿ ತಡವರಿಕೆ ಬಂತು. ಅರ್ಧ ಬಿಟ್ಟು ಹಾರಿ, ನಾಲ್ಕನೇ ಭಾಗ ಹಿಡಿದು ಮುಗಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದು ಹೇಗೆ, ಅವರು ಕೇಳುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತ ಮೂಗು ಒರೆಸಿಕೊಳ್ಳುತ್ತಿದ್ದರು. ಮತ್ತೆ ಎದ್ದು ನಿಂತರು. ಒಬ್ಬ ತಾಯಿ ವೇದಿಕೆಯ ಬಳಿ ಬಂದು, ತನ್ನ ಮಗನನ್ನು ಮುಂದೆ ತಳ್ಳಿ, ಮಾಸ್ಟ್ರ ಕಾಲು ಮುಟ್ಟು ಎಂದಳು. ನನಗೆ ಅಳು ಬಂತು. ಅದನ್ನೂ ಅವರು ಉಪ್ಪನ ಲೆಕ್ಕಕ್ಕೆ ಹಾಕಿಕೊಂಡರು.

ಕಾರಿನಲ್ಲಿ ಸ್ವಲ್ಪ ದೂರ ಬಂದ ಮೇಲೆ ಅಣ್ಣ ಹೇಳಿದ. “ನೀನು ನುಡಿಸಿದ್ದು ಎಂತದೋ ಇಂಗ್ಲಿಷ್ ಹಾಡು, ನನಗೆ ಅದೆಲ್ಲ ತಿಳಿಯುದಿಲ್ಲ ಮಾರಾಯ. ಆದರೆ ಅವರು ಉಪ್ಪನ ವಿಷಯ ಹೇಳಿದ್ರಲ್ಲ, ನನ್ನ ಎದೆ ತುಂಬಿ ಬಂತು.”

ಸಿದ್ಧಕಟ್ಟೆಯ ಹತ್ತಿರ ಚಹಾ ಕುಡಿಯಲು ಒಂದು ಹೊಟೇಲಿನ ಮುಂದೆ ನಿಲ್ಲಿಸಿದ. ಹೊಟೇಲಿನವರು ಅವನಿಗೆ ಮುಖಪರಿಚಯದವರು. “ಇವರು ಯಾರು?” ಎಂದು ನನ್ನನ್ನು ತೋರಿಸಿ ಕೇಳಿದರು.

“ಇವ ನನ್ನ ತಮ್ಮ,” ಎಂದ ಅಣ್ಣ. “ಗಿಟಾರ್ ನುಡಿಸ್ತಾನೆ. ದೊಡ್ಡ ಕಲಾವಿದ. ಈಗ ಮೂಡುಬಿದ್ರೆಯಲ್ಲಿ ಕಾರ್ಯಕ್ರಮ ಮುಗಿಸಿ ಬಂದದ್ದು, ಶಾಲು ಹಾಕಿ ಸನ್ಮಾನ ಮಾಡಿದ್ರು.”

ಆ ಮಾತಿಗಾಗಿ ನಾನು ಎಷ್ಟು ಕಾಲ ಕಾದಿದ್ದೆ. ಹೊಟೇಲಿನ ಜನರ ನಡುವೆ, ದೊಡ್ಡ ಸ್ವರದಲ್ಲಿ, ಹಿಂದೆ ಮುಂದೆ ನೋಡದೆ ಹೇಳಿದ. ಆಮೇಲೆ ಬಾವಿಕಟ್ಟೆ, ನೇಲ್‌ಕಟ್ಟರ್, ಉಪ್ಪನ ಮೈ, ಎಲ್ಲವನ್ನೂ ಧಣಿಗಳಿಗಿಂತ ಚೆನ್ನಾಗಿ ವಿವರಿಸಿದ. ಹೊಟೇಲಿನವರು ನನ್ನ ಕೈ ನೋಡಬೇಕೆಂದರು. ಬಲಗೈಯನ್ನು ಮೇಜಿನ ಮೇಲಿಟ್ಟೆ. ಪದರ ಕಿತ್ತು ಬಂದ ಉಗುರುಗಳನ್ನೂ ಒಣಗಿದ ರಕ್ತವನ್ನೂ ನೋಡಿ ಅವರು ತಲೆಯಾಡಿಸಿ, ಚಹಾದ ಜತೆ ಎರಡು ಬನ್ಸ್ ಕೂಡ ತಂದಿಟ್ಟರು.

ಅಣ್ಣ ನನ್ನ ಬೆರಳುಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು ತುಂಬ ಹೊತ್ತು ನೋಡಿದ. ಚಿಕ್ಕಂದಿನಲ್ಲಿ ಬಿದ್ದು ಬಂದರೆ ಹೀಗೆಯೇ ನೋಡುತ್ತಿದ್ದ.

“ಇನ್ನು ಉಗುರು ಬೆಳೆಸ್ಬೇಡ, ಆಯ್ತಾ?” ಎಂದ. “ಹೀಗೇ ಇರಲಿ. ಹೀಗೆ ಚಂದ ಉಂಟು. ನಾನು ಅಲ್ಲಿ ಎಲ್ಲರಿಗೂ ಹೇಳ್ತೇನೆ.”

ಅವನ ಮುಖದಲ್ಲಿ ಅಷ್ಟು ಸಂತೋಷವಿತ್ತು. ನಾನು ಹೂಂ ಎಂದೆ.